ದುಗ್ಗಮ್ಮ ತನಗೆ ತಾನೇ ಹೊಲಿದುಕೊಂಡದ್ದು

ಹಿರೇಜೆಡ್ಡಿನ ದುಗ್ಗಮ್ಮ ಮೊದಲ ಸಲ ಸೂಜಿ ಕೈಗೆತ್ತಿಕೊಂಡದ್ದು ಹೊಲಿಯುವುದಕ್ಕಲ್ಲ, ಹೊಲಿಗೆ ಬಿಚ್ಚುವುದಕ್ಕೆ.

ಅದು ಅರವತ್ತಮೂರನೇ ಇಸವಿಯ ಬೇಸಿಗೆಯ ಕೊನೆ. ಶಾಲೆ ಮೇಷ್ಟ್ರಿಗೆ ತೀರ್ಥಹಳ್ಳಿ ಕಡೆಗೆ ವರ್ಗವಾಗಿ ಅವರ ಹೆಂಡತಿ ವರದಮ್ಮ ಮನೆ ಖಾಲಿ ಮಾಡುತ್ತಿದ್ದರು. ದುಗ್ಗಮ್ಮ ಎರಡು ವರ್ಷದಿಂದ ಆ ಮನೆಗೆ ಸೊಪ್ಪು, ಸೌತೆಕಾಯಿ ಕೊಟ್ಟು ಬರುತ್ತಿದ್ದವಳು. ಹೊರಡುವ ದಿನ ವರದಮ್ಮ ಕಂಕುಳಲ್ಲಿ ಹರಿದಿದ್ದ ಒಂದು ರವಿಕೆಯನ್ನು ಅವಳ ಕೈಗಿಟ್ಟು, "ಒಲೆ ಮೇಲಿನ ಪಾತ್ರೆ ಇಳಿಸಕ್ಕೆ ಮಸಿಬಟ್ಟೆ ಮಾಡ್ಕೋ ದುಗ್ಗಮ್ಮ" ಅಂದರು.

ದುಗ್ಗಮ್ಮ ಅದನ್ನು ಮಸಿಬಟ್ಟೆ ಮಾಡಲಿಲ್ಲ. ಆಗ ಅವಳಿಗೆ ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಹುಟ್ಟಿದಾಗಿನಿಂದ ಒಂದು ದಿನವೂ ರವಿಕೆ ತೊಟ್ಟವಳಲ್ಲ. ರಿಪ್ಪನ್‌ಪೇಟೆಯಿಂದ ನಾಲ್ಕು ಮೈಲಿ ಒಳಗಿದ್ದ ಹಿರೇಜೆಡ್ಡಿನ ಹನ್ನೊಂದು ಮನೆಗಳಲ್ಲಿ ಯಾವ ಹೆಂಗಸೂ ತೊಡುತ್ತಿರಲಿಲ್ಲ. ಸೀರೆಯನ್ನು ಎದೆಗೆ ಬಿಗಿಯಾಗಿ ಸುತ್ತಿ, ಸೆರಗಿನ ತುದಿಯನ್ನು ಭುಜದ ಮೇಲೆ ಗಂಟು ಹಾಕಿದರೆ ಉಡುಗೆ ಮುಗಿಯಿತು. ಹನ್ನೊಂದೂ ಒಕ್ಕಲು ಮನೆಗಳು. ಹನ್ನೊಂದೂ ಉಮಾಪತಿ ಭಟ್ಟರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವು. ರವಿಕೆ ಎನ್ನುವುದು ಭಟ್ಟರ ಮನೆಯವರು, ಮೇಷ್ಟ್ರ ಹೆಂಡತಿ, ಪೇಟೆಯ ನರ್ಸಮ್ಮ ತೊಡುವ ವಸ್ತು. ಹಾಗಂತ ಎಲ್ಲೂ ಬರೆದಿರಲಿಲ್ಲ. ಆದರೆ ಎಲ್ಲರಿಗೂ ಗೊತ್ತಿತ್ತು.

ಮಳೆ ಹಿಡಿದು ಕೆಲಸವಿಲ್ಲದ ಒಂದು ಮಧ್ಯಾಹ್ನ ದುಗ್ಗಮ್ಮ ಜಗಲಿಯ ಬೆಳಕಿಗೆ ಕೂತು ಸೂಜಿ ಮೊನೆಯಿಂದ ಒಂದೊಂದೇ ಹೊಲಿಗೆ ಎಬ್ಬಿಸತೊಡಗಿದಳು. ಎರಡು ದಿನ ಹಿಡಿಯಿತು. ಕೊನೆಗೆ ಎಂಟು ತುಂಡು ಬಟ್ಟೆ ಅವಳ ಮುಂದೆ ಬಿದ್ದಿದ್ದವು. ಬೆನ್ನಿಗೊಂದು, ಎದೆಗೆರಡು, ತೋಳಿಗೆರಡು, ಹುಕ್ಕು ಕೂರಿಸುವ ಪಟ್ಟಿ ಎರಡು, ಕತ್ತಿನ ಸುತ್ತ ತಿರುವುವ ಸಣ್ಣ ಪಟ್ಟಿ ಒಂದು. ಅವಳಿಗೆ ಆಶ್ಚರ್ಯವಾದದ್ದು ಎಲ್ಲ ತುಂಡೂ ನೆಲದ ಮೇಲೆ ಚಪ್ಪಟೆಯಾಗಿ ಮಲಗಿದ್ದು. ಮೈಯ ಮೇಲೆ ಅಷ್ಟು ದುಂಡಗೆ ಕೂರುವ ಬಟ್ಟೆಗೆ ತನ್ನದೇ ಆದ ದುಂಡು ಅನ್ನುವುದೇ ಇರಲಿಲ್ಲ. ಎದೆಯ ತುಂಡಿನ ಕೆಳಗೆ ಯಾರೋ ಬೆರಳಷ್ಟು ಬಟ್ಟೆಯನ್ನು ಮಡಿಚಿ ಹೊಲಿದಿದ್ದ ಗುರುತಿತ್ತು. ಅಲ್ಲಿ ಮಡಿಚಿದ್ದಕ್ಕೆ ಇಲ್ಲಿ ಉಬ್ಬಿದೆ. ಇಷ್ಟೇನಾ ಅನ್ನಿಸಿತು. ಹಾಗನ್ನಿಸಿದ ಮೇಲೆ ಅವಳು ಸುಮ್ಮನೆ ಕೂರುವುದು ಸಾಧ್ಯವಿರಲಿಲ್ಲ.

ಕಾಗದ ಆ ಮನೆಯಲ್ಲಿ ಇರಲಿಲ್ಲ. ಅಡಿಕೆ ಹಾಳೆ ಇತ್ತು. ಅದನ್ನು ನೀರಲ್ಲಿ ನೆನೆಸಿ, ಬೀಸುವ ಕಲ್ಲಿನ ಕೆಳಗೆ ಒಂದು ದಿನ ಇಟ್ಟು ಚಪ್ಪಟೆ ಮಾಡಿ, ಎಂಟು ತುಂಡನ್ನೂ ಅದರ ಮೇಲೆ ಇಟ್ಟು ಇದ್ದಿಲಿನಿಂದ ಗೆರೆ ಎಳೆದು ಕತ್ತರಿಸಿಕೊಂಡಳು. ಗಂಡ ಜಟ್ಟಪ್ಪ ಗದ್ದೆಯಿಂದ ಬಂದು ನೋಡಿ, "ಇದೆಂಥದು ಮಾರಾಯ್ತಿ, ಊಟದೆಲೆ ಮಾಡಾಕೆ ಹೋಗಿ ಕೆಡಿಸ್ದ್ಯಾ?" ಅಂದ.

"ರವಿಕೆ ಹೊಲಿತೀನಿ."

"ಯಾರಿಗೆ?"

"ನಂಗೆ."

ಜಟ್ಟಪ್ಪ ಮಾತು ಕಡಿಮೆಯವನು. ಹಾಳೆ ತುಂಡೊಂದನ್ನು ಎತ್ತಿ ತಿರುಗಿಸಿ ನೋಡಿದ. ಆಮೇಲೆ ಬಚ್ಚಲಿಗೆ ಕೈಕಾಲು ತೊಳೆಯಲು ಹೋದ. ಮುಂದಿನ ಸಂತೆಯ ದಿನ ರಿಪ್ಪನ್‌ಪೇಟೆಯಿಂದ ಉಪ್ಪು, ಹೊಗೆಸೊಪ್ಪಿನ ಜೊತೆ ಒಂದು ಕತ್ತರಿಯನ್ನೂ ತಂದು ಅವಳ ಪಕ್ಕದಲ್ಲಿಟ್ಟ.

ಮೊದಲ ರವಿಕೆ ಹಳೇ ಪಂಚೆಯದು. ಎಡದ ತೋಳು ಬಲಕ್ಕೆ, ಬಲದ್ದು ಎಡಕ್ಕೆ ಕೂತು, ತೊಟ್ಟುಕೊಂಡರೆ ಕೈ ಎರಡೂ ಹಿಂದಕ್ಕೆ ಜಗ್ಗುತ್ತಿದ್ದವು. ಬಿಚ್ಚಿ ಮತ್ತೆ ಹೊಲಿದಳು. ಎರಡನೇ ಸಲ ತೋಳು ಸರಿಯಾಯಿತು, ಕತ್ತು ಕೆಟ್ಟಿತು. ಮೂರನೇ ಸಲ ಎಲ್ಲ ಸರಿಯಾಗಿ, ತೊಟ್ಟು ಬಾವಿಯಿಂದ ಕೊಡ ಎತ್ತಿ ತಲೆ ಮೇಲಿಡಲು ಹೋದಾಗ ಕಂಕುಳು ಪರ್ರನೆ ಹರಿಯಿತು. ಅದೇ ಜಾಗ. ವರದಮ್ಮನ ರವಿಕೆಯೂ ಹರಿದಿದ್ದು ಅಲ್ಲೇ. ದುಗ್ಗಮ್ಮ ಬಾವಿಕಟ್ಟೆಯ ಮೇಲೆ ಕೂತು ಯೋಚಿಸಿದಳು. ಪೇಟೆಯ ಟೈಲರು ಕೈ ಕೆಳಗೆ ಬಿಟ್ಟುಕೊಂಡು ನಿಂತಿರುವ ಹೆಂಗಸಿಗೆ ಹೊಲಿಯುತ್ತಾನೆ. ಹೊರೆ ಎತ್ತುವವಳಿಗೆ ಅಲ್ಲ.

ಅವಳು ಕಂಕುಳ ಸಂದಿಗೆ ಬಾಳೆಹೂವಿನ ದಳದ ಹಾಗೆ ಎರಡೂ ಕಡೆ ಚೂಪಾದ ಒಂದು ಸಣ್ಣ ತುಂಡನ್ನು ಬೇರೆಯಾಗಿ ಸೇರಿಸಿದಳು. ಯಾರೂ ಹೇಳಿಕೊಟ್ಟದ್ದಲ್ಲ. ತೊಟ್ಟು ಎರಡೂ ಕೈ ಮೇಲೆತ್ತಿದಳು. ತೋಳು ಕೈಯ ಜೊತೆಗೇ ಬಂತು, ರವಿಕೆ ಹೊಟ್ಟೆಯ ಮೇಲಿಂದ ಕದಲಲಿಲ್ಲ. ಜಗಲಿಯಲ್ಲಿ ಒಬ್ಬಳೇ ನಿಂತು ನಾಲ್ಕೈದು ಸಲ ಕೈ ಎತ್ತಿ ಇಳಿಸಿದಳು. ಅತ್ತೆ ಹೂವಮ್ಮ ಒಳಗಿನಿಂದ, "ಯಾರಿಗೆ ಕೈ ಮುಗೀತೀಯೇ?" ಎಂದು ಕೇಳಿದರು.

ದೀಪಾವಳಿಯ ಹೊತ್ತಿಗೆ ಅವಳ ಬಳಿ ನೇಯ್ಗೆ ಗಟ್ಟಿಯಾಗಿದ್ದ ಹಸಿರು ಬಟ್ಟೆಯ ಒಂದು ರವಿಕೆ ಸಿದ್ಧವಾಗಿತ್ತು. ಅದಕ್ಕೆ ಒಳಗಡೆ, ಎಡಕ್ಕೆ, ಎಲೆ ಅಡಿಕೆ ಹಿಡಿಯುವಷ್ಟು ಒಂದು ಜೇಬು. ಅಂಗಿ ತೊಟ್ಟ ಗಂಡಸರಿಗೆ ಜೇಬಿರುವಾಗ ತನಗೇಕಿರಬಾರದು ಎಂಬುದಕ್ಕೆ ಅವಳಿಗೆ ಕಾರಣ ಹೊಳೆಯಲಿಲ್ಲ.

ಡಿಸೆಂಬರಿನಲ್ಲಿ ಭಟ್ಟರ ಸ್ವಂತ ಗದ್ದೆಯ ಕೊಯ್ಲು. ಕೇರಿಯ ಮನೆಗೊಬ್ಬರು ಹೋಗಲೇಬೇಕು. ದುಗ್ಗಮ್ಮ ಹಸಿರು ರವಿಕೆ ತೊಟ್ಟೇ ಹೋದಳು. ಹೆಂಗಸರು ಕುಡುಗೋಲು ಹಿಡಿದು ಬಗ್ಗಿದವರು ಒಬ್ಬೊಬ್ಬರಾಗಿ ತಲೆ ಎತ್ತಿ ನೋಡಿದರು. ಮತ್ತೆ ಬಗ್ಗಿ ಕೊಯ್ದರು. ಅವಳು ತೆನೆಯ ಹೊರೆ ಕಟ್ಟಿ, ಒಂದೇ ಜಗ್ಗಿಗೆ ತಲೆ ಮೇಲೆ ಎತ್ತಿಟ್ಟುಕೊಂಡು ಕಣದ ಕಡೆ ನಡೆದಾಗ ಮಾತ್ರ ನೆರೆಮನೆಯ ಲಕ್ಷ್ಮೀ ಎಂಬ ಹುಡುಗಿ, ಹೊಸದಾಗಿ ಮದುವೆಯಾಗಿ ಬಂದವಳು, ಕುಡುಗೋಲು ಬಿಟ್ಟು ನಿಂತು ನೋಡಿದಳು.

ಉಮಾಪತಿ ಭಟ್ಟರು ಕಣದ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕೂಗಾಡುವ ಮನುಷ್ಯ ಅಲ್ಲ. ಕೇರಿಯ ಹಿರಿಯ ಮಂಜುನಾಥಪ್ಪನನ್ನು ಹತ್ತಿರ ಕರೆದು, "ನಿಮ್ಮ ಕೇರಿಯಲ್ಲಿ ಹೊಸ ಟೀಚರಮ್ಮ ಬಂದಿದ್ದಾರಾ ಮಂಜುನಾಥ?" ಎಂದು ಕೇಳಿದರು. ಅಷ್ಟು ಸಾಕಾಗಿತ್ತು.

ಸಂಜೆ ಮಂಜುನಾಥಪ್ಪ ಜಟ್ಟಪ್ಪನ ಜಗಲಿಗೆ ಬಂದು ಕೂತ. ದುಗ್ಗಮ್ಮ ನೀರು, ಬೆಲ್ಲ ತಂದಿಟ್ಟಳು.

"ಒಡೇರಿಗೆ ಬೇಜಾರಾಗ್ಯದೆ ಜಟ್ಟಪ್ಪ. ನೀನು ಹೆಂಡ್ತಿಗೆ ಹೇಳು."

"ಅವಳು ಇಲ್ಲೇ ಅದಾಳಲ್ಲ ಮಂಜಣ್ಣ, ನೀನೇ ಹೇಳು" ಎಂದ ಜಟ್ಟಪ್ಪ.

ಮಂಜುನಾಥಪ್ಪ ಗೋಡೆ ನೋಡಿಕೊಂಡು ಹೇಳಿದ: "ನಮ್ಮ ತಾಯಿ ತೊಡ್ಲಿಲ್ಲ, ನಿನ್ನ ಅತ್ತೆ ತೊಡ್ಲಿಲ್ಲ. ಅವರಿಗೆಲ್ಲ ಮಾನ ಇರ್ಲಿಲ್ವಾ? ಅದಕ್ಕೆ ಜೇಬು ಬೇರೆ ಇಟ್ಟಿದೀಯಂತೆ."

"ಇಟ್ಟೀನಿ. ಎಲೆ ಅಡಿಕೆಗೆ" ಅಂದಳು ದುಗ್ಗಮ್ಮ. "ಮಂಜಣ್ಣ, ನಾನು ಇದನ್ನ ಕದ್ದು ತಂದ್ನಾ? ಒಡೇರ ಮನೆ ಹಿತ್ತಲಿಂದ ಎತ್ಕಂಡು ಬಂದ್ನಾ? ನನ್ನ ಕೈಯಾಗೆ ಕತ್ರಿಸಿ, ನನ್ನ ಕೈಯಾಗೆ ಹೊಲ್ದು, ನನ್ನ ಮೈಗೆ ಹಾಕ್ಕಂಡೀನಿ. ಅವರಿಗೆ ಎಲ್ಲಿ ಚುಚ್ತು ಅಂತ ಕೇಳ್ಕಂಡು ಬಾ."

ಮಂಜುನಾಥಪ್ಪ ಬೆಲ್ಲ ಮುಟ್ಟದೆ ಎದ್ದು ಹೋದ.

ಮರುದಿನ ಬೆಳಿಗ್ಗೆ ದುಗ್ಗಮ್ಮ ಕೊಟ್ಟಿಗೆಯಿಂದ ಬರುವಾಗ ಬಚ್ಚಲ ಒಲೆಯಿಂದ ಬಟ್ಟೆ ಸುಟ್ಟ ವಾಸನೆ ಬಂತು. ಹೂವಮ್ಮ ಒಲೆಯ ಮುಂದೆ ಕೋಲು ಹಿಡಿದು ಕೂತಿದ್ದರು. ಹಸಿರು ಬಟ್ಟೆಯ ಒಂದು ತೋಳು ಇನ್ನೂ ಉರಿಯುತ್ತಿತ್ತು. ಮುದುಕಿ ಸೊಸೆಯ ಮುಖ ನೋಡಲಿಲ್ಲ.

"ಗದ್ದೆ ಹೋದ್ರೆ ಎಂಥ ತಿನ್ನಾದು? ನನ್ನ ಗಂಡ ಹೂಳು ಹೊತ್ತು ಮಾಡಿದ ಗದ್ದೆ ಅದು" ಎಂದರು. ಉರಿಯದೆ ಉಳಿದ ತುಂಡನ್ನು ಕೋಲಿನಿಂದ ಒಳಗೆ ತಳ್ಳಿದರು.

ದುಗ್ಗಮ್ಮ ಅತ್ತೆಯ ಜೊತೆ ಜಗಳಕ್ಕಿಳಿಯಲಿಲ್ಲ. ಆ ಹೆದರಿಕೆ ಸುಳ್ಳಲ್ಲವೆಂದು ಅವಳಿಗೆ ಗೊತ್ತಿತ್ತು. ಹನ್ನೆರಡು ವರ್ಷದ ಹಿಂದೆ ಪಕ್ಕದ ಸಾಗರ ತಾಲ್ಲೂಕಿನಲ್ಲಿ ಗೇಣಿದಾರರು ಒಡೆಯರು ಬಿಡಿಸಿದ ಗದ್ದೆಗಿಳಿದು ಜೈಲಿಗೆ ಹೋದಾಗ ಈ ಕೇರಿಯವರೂ ತಿಂಗಳುಗಟ್ಟಲೆ ನಿದ್ದೆಗೆಟ್ಟಿದ್ದರು. ಆದರೆ ಹೆದರಿಕೆ ನಿಜವಾದ ಮಾತ್ರಕ್ಕೆ ತಾನು ಅದರ ಮಾತು ಕೇಳಬೇಕು ಎಂದು ದುಗ್ಗಮ್ಮನಿಗೆ ಅನ್ನಿಸಲಿಲ್ಲ.

ಅಟ್ಟದ ಮೇಲೆ ಹಾಳೆ ತುಂಡುಗಳು ಹಾಗೇ ಇದ್ದವು. ಬಟ್ಟೆ ಮಾತ್ರ ಇರಲಿಲ್ಲ. ಮನೆಯಲ್ಲಿ ಹರಿಯದ ಬಟ್ಟೆ ಎಂದರೆ ಪೆಟ್ಟಿಗೆಯಲ್ಲಿದ್ದ ಅವಳ ಧಾರೆ ಸೀರೆ ಒಂದೇ. ಕೆಂಪು ಬಣ್ಣದ್ದು. ಅವಳು ಅದನ್ನು ಜಗಲಿಗೆ ತಂದು, ಗಂಡನ ಮುಂದೆಯೇ ಹಾಸಿ, ಹಾಳೆ ಇಟ್ಟು ಗೆರೆ ಎಳೆದಳು.

ಜಟ್ಟಪ್ಪ, "ಅದು ಧಾರೆದು" ಅಂದ.

"ಗೊತ್ತದೆ. ನೀನು ಒಂದು ತುದಿ ಹಿಡ್ಕ, ಜಾರ್ತದೆ."

ಅವನು ಬಂದು ಹಿಡಿದುಕೊಂಡ.

ನಾಲ್ಕನೇ ದಿನ ದುಗ್ಗಮ್ಮ ಆ ಕೆಂಪು ರವಿಕೆ ತೊಟ್ಟು ಕಣಕ್ಕೆ ಹೋದಳು. ಹಸಿರಾದರೆ ಗದ್ದೆಯಲ್ಲಿ ಹೇಗೋ ಸೇರಿಹೋಗುತ್ತಿತ್ತು. ಇದು ದಾರಿಯ ತಿರುವಿನಿಂದಲೇ ಕಾಣುತ್ತಿತ್ತು. ಈ ಸಲ ಭಟ್ಟರು ಮಂಜುನಾಥಪ್ಪನನ್ನು ಕರೆಯಲಿಲ್ಲ.

"ದುಗ್ಗಿ, ಇಲ್ಲಿ ಬಾ. ಅದನ್ನ ತೆಗೆದಿಟ್ಟು ಕೆಲಸಕ್ಕೆ ಬಾ. ಇಲ್ಲದಿದ್ರೆ ಬರೋದು ಬೇಡ."

"ಬರಾದಿಲ್ಲ ಒಡೇರೇ."

ಇಷ್ಟು ಬೇಗ ಉತ್ತರ ಬರುತ್ತದೆ ಎಂದು ಭಟ್ಟರು ಎಣಿಸಿರಲಿಲ್ಲ. "ಇವತ್ತು ರವಿಕೆ ಅಂತೀಯ. ನಾಳೆ ಏನು ಅಂತೀಯ?" ಎಂದು ಕೇಳಿದರು.

"ನಾಳೆದು ನಾಳೆ ಹೇಳ್ತೀನಿ" ಎಂದು ದುಗ್ಗಮ್ಮ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದ ದಾರಿಯಲ್ಲೇ ವಾಪಸು ನಡೆದಳು. ತಿರುವು ದಾಟುವವರೆಗೆ ಹೆಜ್ಜೆ ಅವಸರ ಮಾಡದೆ ನಡೆದಳು.

ಆಮೇಲಿನ ದಿನಗಳು ಸುಲಭದವಲ್ಲ. ಕೇರಿಯ ಗಂಡಸರು ಕೂಡಿ, ಜಟ್ಟಪ್ಪನ ಮನೆಯ ಕೊಯ್ಲಿಗೆ ಯಾರೂ ಆಳಿಗೆ ಆಳಾಗಿ ಮುಯ್ಯಾಳು ಹೋಗಬಾರದು ಎಂದು ಕಟ್ಟು ಮಾಡಿದರು. ಅವರ ಪಾಲಿನ ಗದ್ದೆಯನ್ನು ಗಂಡ ಹೆಂಡತಿ ಇಬ್ಬರೇ ಕೊಯ್ದು, ಇಬ್ಬರೇ ಹೊತ್ತು, ಇಬ್ಬರೇ ಬಡಿದರು. ಬಾವಿಗೆ ಹೋದರೆ ಹೆಂಗಸರು ಕೊಡ ತುಂಬಿಸಿಕೊಂಡು ಬೇಗ ಬೇಗ ಹೊರಟುಬಿಡುತ್ತಿದ್ದರು. ಭಟ್ಟರು ಗದ್ದೆ ಬಿಡಿಸುತ್ತಾರೆ ಎಂಬ ಸುದ್ದಿ ದಿನಕ್ಕೊಮ್ಮೆ ಬರುತ್ತಿತ್ತು. ಹೊಸ ಭೂಮಿ ಕಾನೂನಿನ ಮಾತು ಪೇಟೆಯಲ್ಲೆಲ್ಲ ಓಡಾಡುತ್ತಿದ್ದ ಕಾಲವಾದ್ದರಿಂದಲೋ ಏನೋ, ಬಿಡಿಸಲು ಮಾತ್ರ ಯಾರೂ ಬರಲಿಲ್ಲ. ಹೂವಮ್ಮ ಸೊಸೆಯ ಜೊತೆ ಮಾತು ಬಿಟ್ಟರು. ದುಗ್ಗಮ್ಮ ಕೆಲಸ ಮುಗಿದ ಮಧ್ಯಾಹ್ನಗಳಲ್ಲಿ ಜಗಲಿಗೆ ಕೂತು ಹೊಲಿದಳು. ಧಾರೆ ಸೀರೆಯಲ್ಲಿ ಇನ್ನೂ ಬಟ್ಟೆ ಉಳಿದಿತ್ತು. ಒಂದು ಲಂಗ ಹೊಲಿದಳು, ಅದರ ಅಂಚಿಗೆ ಸಣ್ಣ ಸಣ್ಣ ನೆರಿಗೆ ಹಿಡಿದಳು, ಸರಿಬರಲಿಲ್ಲವೆಂದು ಬಿಚ್ಚಿದಳು, ಮತ್ತೆ ಹಿಡಿದಳು. ಹೊಲಿಯುವಾಗ ಅವಳಿಗೆ ಭಟ್ಟರೂ ನೆನಪಿರುತ್ತಿರಲಿಲ್ಲ, ಮಂಜುನಾಥಪ್ಪನೂ ನೆನಪಿರುತ್ತಿರಲಿಲ್ಲ. ಮುಂದಿನ ಹೊಲಿಗೆ ಎಲ್ಲಿ ಬೀಳಬೇಕು ಎಂಬುದಷ್ಟೇ ಇರುತ್ತಿತ್ತು. ಅವಳ ಹಟಕ್ಕೆ ಕೇರಿಯವರು ಏನೇನೋ ಕಾರಣ ಹುಡುಕಿದರು. ಅರ್ಧ ಕಾರಣ ಇದೇ ಆಗಿತ್ತು: ಅವಳಿಗೆ ಆ ಕೆಲಸ ಖುಷಿ ಕೊಡುತ್ತಿತ್ತು, ಆ ಖುಷಿಯನ್ನು ಬಿಡಲು ಅವಳು ತಯಾರಿರಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಒಂದು ದಿನ ಲಕ್ಷ್ಮೀ ಹಿತ್ತಲ ದಾರಿಯಿಂದ ಬಂದಳು. ಸೆರಗಿನ ಮರೆಯಲ್ಲಿ ಒಂದು ನೀಲಿ ಬಟ್ಟೆಯ ತುಂಡು.

"ಅಕ್ಕ, ನಂಗೂ ಒಂದು ಹೊಲ್ಕೊಡು."

"ಹೊಲ್ದು ಕೊಡಾದಿಲ್ಲ."

ಹುಡುಗಿಯ ಮುಖ ಬಾಡಿತು. ದುಗ್ಗಮ್ಮ ಪಕ್ಕದ ಚಾಪೆಯನ್ನು ತಟ್ಟಿದಳು. "ನಾನು ಹೊಲ್ದು ಕೊಟ್ರೆ, ದುಗ್ಗಿ ತೊಡ್ಸಿದ್ಲು ಅಂತಾರೆ. ನೀನು ತೆಗೆದಿಡು ಅಂದ್ರೆ ತೆಗೆದಿಡ್ತೀಯ. ನೀನೇ ಹೊಲ್ಕ. ಬೆರಳಿಗೆ ಹತ್ತು ಸಲ ಚುಚ್ಚಿಸ್ಕಂಡ ಮೇಲೆ ಯಾರು ತೆಗಿ ಅಂದ್ರೂ ತೆಗಿಯಾಕೆ ಮನಸು ಬರಾದಿಲ್ಲ. ಕೂತ್ಕ."

ಲಕ್ಷ್ಮೀ ಕೂತಳು. ಅವಳ ಮೊದಲ ರವಿಕೆಯ ಬೆನ್ನು ಸೊಟ್ಟಗಾಯಿತು. ದುಗ್ಗಮ್ಮ ಕೈ ಹಾಕಲಿಲ್ಲ, ಬಿಚ್ಚಿಸಿ ಅವಳಿಂದಲೇ ಮತ್ತೆ ಹೊಲಿಸಿದಳು. ಮಳೆಗಾಲ ಬರುವಷ್ಟರಲ್ಲಿ ಚಾಪೆಯ ಮೇಲೆ ನಾಲ್ಕು ಜನ ಆದರು. ನಾಲ್ಕನೆಯವಳು ಮಂಜುನಾಥಪ್ಪನ ಮಗಳೇ, ಮಹಾಲಕ್ಷ್ಮೀ. ಅಪ್ಪನಿಗೆ ಅವಳು ಏನು ಹೇಳಿ ಬರುತ್ತಿದ್ದಳೋ ಯಾರೂ ಕೇಳಲಿಲ್ಲ.

ಮುಂದಿನ ವರ್ಷದ ಕೊಯ್ಲಿಗೆ ಭಟ್ಟರ ಗದ್ದೆಗೆ ಹಿರೇಜೆಡ್ಡಿನಿಂದ ಐದು ಹೆಂಗಸರು ರವಿಕೆ ತೊಟ್ಟು ಬಂದರು. ಒಂದೊಂದೂ ಒಂದೊಂದು ಬಣ್ಣ, ಒಂದೊಂದರ ಕತ್ತೂ ಒಂದೊಂದು ಥರ. ದುಗ್ಗಮ್ಮನೂ ಇದ್ದಳು, ಅವಳನ್ನು ಯಾರೂ ಕರೆದಿರಲಿಲ್ಲ. ಭಟ್ಟರು ಕುರ್ಚಿಯಿಂದ ಎದ್ದರು, ಐವರನ್ನೂ ನೋಡಿದರು. ತೆನೆ ಬಲಿತು ಬಾಗಿತ್ತು, ಇನ್ನು ನಾಲ್ಕು ದಿನ ಬಿಟ್ಟರೆ ಕಾಳು ಉದುರುತ್ತಿತ್ತು. ಅವರು, "ಬಿಸಿಲು ಏರೋದ್ರೊಳಗೆ ಆ ಮೇಲಿನ ಗದ್ದೆ ಮುಗಿಸಿ" ಎಂದಷ್ಟೇ ಹೇಳಿ ಮನೆಯ ಕಡೆ ಹೊರಟರು. ಲಕ್ಷ್ಮೀಗೆ ನಗು ತಡೆಯಲಾಗಲಿಲ್ಲ. ದುಗ್ಗಮ್ಮ ಮೊಣಕೈಯಿಂದ ತಿವಿದು, "ಕೊಯ್ಯಿ" ಅಂದಳು.

ಆ ಕೊಯ್ಲು ಕಳೆದ ಬೇಸಿಗೆಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಭಟ್ಟರ ಹೆಂಡತಿ ನಾಗರತ್ನಮ್ಮ ಮಂಜುನಾಥಪ್ಪನ ಕೈಯಲ್ಲಿ ಎರಡು ಗಜ ಒಳ್ಳೆಯ ಬಟ್ಟೆ ಕಳಿಸಿ, ಕಂಕುಳಿಗೆ ಆ ತುಂಡು ಸೇರಿಸಿದ ಒಂದು ರವಿಕೆ ಹೊಲಿದುಕೊಡಬೇಕೆಂದು ಹೇಳಿಸಿದರು. ಮೇಲಿನ ನಾಗಂದಿಗೆಯಿಂದ ಉಪ್ಪಿನಕಾಯಿ ಭರಣಿ ಇಳಿಸುವಾಗ ಅವರದೂ ಅಲ್ಲೇ ಹರಿಯುತ್ತಿತ್ತಂತೆ. ದುಗ್ಗಮ್ಮ ಬಟ್ಟೆಯನ್ನು ಮಡಿಕೆ ಬಿಚ್ಚದೆ ವಾಪಸು ಕೊಟ್ಟಳು.

"ನಾನು ಯಾರಿಗೂ ಹೊಲ್ದು ಕೊಡಾದಿಲ್ಲ ಮಂಜಣ್ಣ. ಅಮ್ಮೋರು ಸೂಜಿ ಹಿಡೀತಾರಾದ್ರೆ ಹೇಳಿಕೊಡ್ತೀನಿ. ಅವರ ಜಗಲಿಗೇ ಬರ್ತೀನಿ. ಅಂಗಳದಾಗೆ ನಿಂತು ಹೇಳಾಕಾಗಲ್ಲ, ಪಕ್ಕ ಕೂರ್ಬೇಕು."

ಮಂಜುನಾಥಪ್ಪ ಈ ಮಾತನ್ನು ಅಲ್ಲಿ ಹೇಗೆ ಹೇಳಿದನೋ. ಎಂಟು ದಿನ ಉತ್ತರ ಬರಲಿಲ್ಲ. ಆ ಮನೆಯೊಳಗೆ ಏನು ನಡೆಯಿತೆಂದು ಆಮೇಲೆ ನಾಗರತ್ನಮ್ಮನೇ ದುಗ್ಗಮ್ಮನಿಗೆ ಹೇಳಿದರು. ಗಂಡ ಬೇಡವೆಂದಾಗ ಅವರು, "ನಿಂಗೊಗೆ ಎಂತ ಕಷ್ಟ ಇದ್ದು? ಕೈ ಎತ್ತದು ನಾನು" ಎಂದಿದ್ದರಂತೆ. ಒಂಬತ್ತನೇ ದಿನ ಜಗಲಿಯ ಒಂದು ಕೊನೆಯಲ್ಲಿ ಎರಡು ಚಾಪೆ ಬಿದ್ದವು. ನಡುವೆ ಒಂದು ಮಾರು ಜಾಗ ಬಿಟ್ಟಿದ್ದರು. ದುಗ್ಗಮ್ಮ ಅದನ್ನು ನೋಡಿ, ತನ್ನ ಚಾಪೆಯ ಮೇಲೆ ಕೂತಳು. ಅಷ್ಟು ದೂರದಿಂದ ಹೊಲಿಗೆ ಕಾಣುವುದಿಲ್ಲವೆಂದು ಮಧ್ಯಾಹ್ನದ ಹೊತ್ತಿಗೆ ನಾಗರತ್ನಮ್ಮನೇ ತಮ್ಮ ಚಾಪೆಯನ್ನು ಎಳೆದುಕೊಂಡು ಹತ್ತಿರ ಬಂದರು.

ಜಟ್ಟಪ್ಪನಿಗೂ ಅವಳು ಅಂಗಿ ಹೊಲಿದುಕೊಡಲಿಲ್ಲ. ಎರಡು ವರ್ಷ ಕೇಳಿ ಸೋತು ಅವನೂ ಸೂಜಿ ಹಿಡಿದ. ಅವನ ಅಂಗಿಯ ಒಂದು ಪಕ್ಕ ನಾಲ್ಕು ಬೆರಳು ಉದ್ದವಾಯಿತು. ಹಾಗೇ ತೊಟ್ಟು ಸಂತೆಗೆ ಹೋದ; ನಕ್ಕವರಿಗೆ, ಉದ್ದ ಇರುವ ಕಡೆ ಮುಖ ಒರೆಸಿಕೊಳ್ಳಲು ಆಗುತ್ತದೆ ಎಂದ.

ಇಷ್ಟಾದರೂ ಹೂವಮ್ಮ ಬದಲಾಗಲಿಲ್ಲ. ಸೊಸೆಯೊಡನೆ ಮಾತು ಶುರುವಾಯಿತು, ಜಗಲಿಯಲ್ಲಿ ಕೂತ ಹುಡುಗಿಯರಿಗೆ ದಾರ ಪೋಣಿಸಿ ಕೊಡುವಷ್ಟೂ ಆಯಿತು. ರವಿಕೆ ಮಾತ್ರ ತೊಡಲಿಲ್ಲ. ಅರವತ್ತೆಂಟರಲ್ಲಿ ಶಾಲೆಗೆ ಹೊಸ ಕೋಣೆ ಕಟ್ಟಿ, ಅದರ ಪ್ರಾರಂಭೋತ್ಸವಕ್ಕೆ ಶಿವಮೊಗ್ಗದಿಂದ ಅಧಿಕಾರಿಗಳು ಬರುವವರಿದ್ದರು. ಹಿಂದಿನ ದಿನ ಹೊಸ ಮೇಷ್ಟ್ರು ಕೇರಿಗೆ ಬಂದು, "ಹೆಂಗಸರೆಲ್ಲ ಚೆನ್ನಾಗಿ ರವಿಕೆ ತೊಟ್ಕೊಂಡು ಬನ್ನಿ. ಹಾಗೇ ಬರುವ ಮುದುಕಿಯರಿದ್ರೆ ಸ್ವಲ್ಪ ಹಿಂದೆ ಕೂರಲಿ" ಎಂದು ಹೇಳಿ ಹೋದರು. ಕೇರಿಯ ಹುಡುಗಿಯರಿಗೂ ಅದು ಸರಿಯೆನಿಸಿತು. ಲಕ್ಷ್ಮೀಯೇ ಬಂದು, "ಅಕ್ಕ, ನಿನ್ನ ಅತ್ತೆಗೆ ನಾಳೆ ಒಂದಿನ ಆದ್ರೂ ತೊಡ್ಸಾನ. ನಾನು ಬೇಗ ಒಂದು ಹೊಲಿತೀನಿ" ಅಂದಳು.

ದುಗ್ಗಮ್ಮನಿಗೆ ಅಷ್ಟು ಸಿಟ್ಟು ಬಂದದ್ದನ್ನು ಲಕ್ಷ್ಮೀ ಆವರೆಗೆ ನೋಡಿರಲಿಲ್ಲ.

"ತೊಡು ಅಂತ ಹೇಳಾಕೆ ಅವರ್ಯಾರು? ನೀನ್ಯಾರು? ಭಟ್ರು ತೆಗಿ ಅಂದ್ರು, ಇವರು ಹಾಕು ಅಂತಾರೆ. ಎರಡೂ ಒಂದೇ ಕಣೇ. ಅವರ ಮೈ ಅದು."

ಮರುದಿನ ಬೆಳಿಗ್ಗೆ ಅವಳು ಅತ್ತೆಯ ಕೈ ಹಿಡಿದುಕೊಂಡು ಶಾಲೆಗೆ ಹೋದಳು. ಹೂವಮ್ಮ ತೊಳೆದ ಸೀರೆಯನ್ನು ಎದೆಗೆ ಬಿಗಿಯಾಗಿ ಸುತ್ತಿ, ಭುಜದ ಮೇಲೆ ಗಂಟು ಹಾಕಿದ್ದರು. ಮೇಷ್ಟ್ರು ಅಡ್ಡ ಬಂದು, ಹಿಂದೆ ಜಾಗ ಇದೆ ಎಂದು ಮೆಲ್ಲಗೆ ಹೇಳಿದರು.

"ಈ ಶಾಲೆ ಗೋಡೆಗೆ ಮಣ್ಣು ಹೊತ್ತೋರು ಇವರು" ಅಂದಳು ದುಗ್ಗಮ್ಮ, ಎಲ್ಲರಿಗೂ ಕೇಳುವ ಹಾಗೆ. "ಮುಂದೆ ಕೂರ್ತಾರೆ. ಇಲ್ಲ ಅಂದ್ರೆ ಹೇಳಿ, ನಾವೆಲ್ಲ ವಾಪಸು ಹೋಗ್ತೀವಿ."

ಹಿಂದೆ ಲಕ್ಷ್ಮೀ, ಮಹಾಲಕ್ಷ್ಮೀ, ಉಳಿದವರೂ ನಿಂತುಬಿಟ್ಟರು. ಮೇಷ್ಟ್ರು ಪಕ್ಕಕ್ಕೆ ಸರಿದರು.

ಹೂವಮ್ಮ ಮೊದಲ ಸಾಲಿನ ಬೆಂಚಿನ ಮೇಲೆ, ಇನ್ನೂ ಬಾರದ ಅಧಿಕಾರಿಗಳ ಖಾಲಿ ಕುರ್ಚಿಗಳ ಎದುರಿಗೇ ಕೂತರು. ಕಾಲು ನೆಲ ಮುಟ್ಟುತ್ತಿರಲಿಲ್ಲ. ಸುತ್ತ ಒಮ್ಮೆ ನೋಡಿ, ಸೊಸೆಯ ಕಿವಿಯ ಹತ್ತಿರ ಬಾಗಿ, "ಈ ಬೆಂಚು ತಣ್ಣಗದೆ ಕಣೇ, ಒಂದು ಗೋಣಿ ತರ್ತೀಯಾ?" ಎಂದರು.

ದುಗ್ಗಮ್ಮ ಗೋಣಿ ಹುಡುಕಲು ಎದ್ದು ಹೋದಳು.